ಬೆಂಗೇರಿಗೆ ಬಂದ ಅಳಿಯ

ಎಳೆಬಿಸಿಲು ಬೀಳುವ ಹೊತ್ತಿಗೆ ಧಾರವಾಡ ಬಿಟ್ಟೆವು. ಬಾಡಿಗೆಯ ಗೂಡ್ಸ್ ಗಾಡಿಯಲ್ಲಿ ಮುಂದೆ ಚಾಲಕನ ಪಕ್ಕ ನಾನು, ಹಿಂದೆ ಒಣಹುಲ್ಲಿನ ಮೇಲೆ ಒಂದು ಬಿಳಿ ಗಂಡು ಹಂದಿ. ಬೆಂಗೇರಿಯ ಅಂಚಿನಲ್ಲಿ ಹಂದಿ ಸಾಕುವ ದುರ್ಗವ್ವನಿಗಾಗಿ ನಾನೇ ಆರಿಸಿದ್ದು. ಪಶುವೈದ್ಯನಾಗಿ ನಿವೃತ್ತನಾದರೂ ನನಗೆ ಮನೆಯಲ್ಲಿ ಕೂರಲಾಗದು. ಇದಕ್ಕೆ ಮದ್ದಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ.

ಇಪ್ಪತ್ತು ಕಿಲೋಮೀಟರು ದಾರಿ, ಬಾಡಿಗೆ ಒಂಬೈನೂರು. ಹಂದಿ ಬೆವರುವುದಿಲ್ಲ, ಸೆಕೆ ತಡೆಯುವುದಿಲ್ಲ. ನವನಗರದ ಹತ್ತಿರ ಗಿರ್ಮಿಟ್ಟು, ಚಹಾಕ್ಕೆ ನಿಲ್ಲಿಸಿ ಅದರ ಮೈಮೇಲೆ ಒಂದು ಕೊಡ ನೀರು ಸುರಿದೆವು. ಅದು ಸುಖವಾಗಿ ಗುರುಗುಟ್ಟಿತು. ಪಕ್ಕದಲ್ಲಿ ತಿನ್ನುತ್ತಿದ್ದವರು ತಟ್ಟೆ ಹಿಡಿದುಕೊಂಡು ದೂರ ಸರಿದರು.

ದಾರಿಯುದ್ದಕ್ಕೂ ನನಗೊಂದೇ ಅಳುಕು. ಹೋದ ವರ್ಷ ದುರ್ಗವ್ವನ ಗಂಡ ಹನಮಂತಪ್ಪ ಸಂತೆಯಿಂದ ತಂದ ಹಂದಿಯನ್ನು ನೇರವಾಗಿ ಕೊಟ್ಟಿಗೆಗೆ ಬಿಟ್ಟಿದ್ದ. ಜ್ವರ ಹರಡಿ ಎರಡು ಹೆಣ್ಣು ಹಂದಿಗಳಷ್ಟೇ ಉಳಿದವು. ಹೊಸದನ್ನು ಒಂದು ತಿಂಗಳು ಬೇರೆಯೇ ಇಡಿ, ಅದು ನಿಂತ ಜಾಗಕ್ಕೆಲ್ಲ ಸುಣ್ಣ ಚೆಲ್ಲಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಈ ಸಲವೂ ತಪ್ಪಿದರೆ ದುರ್ಗವ್ವನ ಸಾಕಣೆ ಅಲ್ಲಿಗೆ ಮುಗಿದಂತೆಯೇ.

ಬೆಂಗೇರಿಯಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ಹಂದಿಗೆ ಆಗಲೇ ಅಳಿಯ ಎಂದು ಹೆಸರೂ ಬಿದ್ದಿತ್ತು. ದುರ್ಗವ್ವ ಕುಂಕುಮ ಹಚ್ಚಿ ಆರತಿ ಎತ್ತಿದಳು. ಹನಮಂತಪ್ಪ ಉತ್ಸಾಹದಿಂದ ಕೊಟ್ಟಿಗೆಯ ಬಾಗಿಲಿಗೆ ಕೈಹಾಕಿದ. ತಡೆಯಲು ನಾನು ಬಾಯಿ ತೆರೆಯುವಷ್ಟರಲ್ಲಿ ದುರ್ಗವ್ವ ಅವನ ಕೈ ಹಿಡಿದಳು.

"ಅಳಿಯನ್ನ ಹೊರಗ ನಿಲ್ಲಸ್ತಾರೇನು? ಮಂದಿ ನಗ್ತಾರ" ಎಂದ ಹನಮಂತಪ್ಪ.

"ಹ್ವಾದ ವರ್ಷ ನಾ ಅತ್ತೇನಿ. ಈ ವರ್ಷ ಅವರು ನಗಲಿ" ಎಂದಳು ದುರ್ಗವ್ವ.

ಅಳಿಯನನ್ನು ಹಿತ್ತಲ ತುದಿಯ ಹೊಸ ತಗಡಿನ ಗೂಡಿಗೆ ಹೊಡೆದುಕೊಂಡು ಹೋದಳು. ನನ್ನ ಜೀವ ತಂಪಾಯಿತು. ಇನ್ನು ಆ ಎರಡು ಹೆಣ್ಣುಗಳು ಹೇಗಿವೆ ನೋಡೋಣವೆಂದು ಖುಷಿಯಿಂದ ಕೊಟ್ಟಿಗೆಯತ್ತ ಹೊರಟೆ. ದುರ್ಗವ್ವ ಅಡ್ಡ ಬಂದಳು.

"ನೀವೂ ಅದರ ಕೂಡ ಬಂದೀರಲ್ರಿ ಡಾಕ್ಟರ್ರ. ಒಂದ್ ತಿಂಗಳ ಬಿಟ್ಟು ಬರ್ರಿ."

ಓಣಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಹನಮಂತಪ್ಪ. ಗೂಡಿನ ಪಕ್ಕದಲ್ಲೇ ನನಗೊಂದು ಗೋಣಿಚೀಲ ಹಾಸಿಕೊಟ್ಟರು. ಬಿಸಿ ರೊಟ್ಟಿ, ಝುಣಕ, ಉಳ್ಳಾಗಡ್ಡಿ. ಅಳಿಯನಿಗೂ ನನಗೂ ಒಟ್ಟಿಗೇ ಊಟ ಬಂತು. ಅಷ್ಟು ರುಚಿಯ ಝುಣಕವನ್ನು ನಾನು ಇತ್ತೀಚೆಗೆ ಉಂಡಿರಲಿಲ್ಲ.

ಗಾಡಿ ತಿರುಗುವಾಗ ಹಿಂತಿರುಗಿ ನೋಡಿದೆ. ಅಳಿಯ ನೆರಳಿನಲ್ಲಿ ಮಲಗಿದ್ದ. ನಾನು ಕೂತೆದ್ದ ಜಾಗಕ್ಕೆ ದುರ್ಗವ್ವ ಸುಣ್ಣ ಚೆಲ್ಲುತ್ತಿದ್ದಳು.