ಗೋಡೆಗೆ ಸುಣ್ಣ ಬಿತ್ತು, ಪಾಸ್‌ವರ್ಡ್ ಹೋಯಿತು

ದೀಪಾವಳಿ ಹತ್ತಿರ ಬಂತೆಂದು ನಮ್ಮ ಯಜಮಾನರು ನನ್ನ ಬ್ರೌಸಿಂಗ್ ಸೆಂಟರ್‌ನ ಗೋಡೆಗೆ ಸುಣ್ಣ ಹೊಡೆಸಿದರು. ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಜಗಳ ಶುರು.

ಏಕೆ ಗೊತ್ತೇ? ಆ ಗೋಡೆಯ ಮೇಲೆ ಅರ್ಧ ಕೊಟ್ಟೂರಿನ ಪಾಸ್‌ವರ್ಡ್‌ಗಳಿದ್ದವು.

ನಮ್ಮ ಕಡೆ ಫೋನ್ ನಂಬರನ್ನು ಪುಸ್ತಕದಲ್ಲಿ ಯಾರು ಬರೆದುಕೊಳ್ಳುತ್ತಾರೆ ಹೇಳಿ? ಫೋನ್ ಪಕ್ಕದ ಗೋಡೆಯೇ ಡೈರಿ. ಅದೇ ರೂಢಿಯಲ್ಲಿ ಗಿರಾಕಿಗಳು ಕಂಪ್ಯೂಟರ್ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಹೆಸರು, ಅದರ ಮುಂದೆ ಪಾಸ್‌ವರ್ಡ್ ಬರೆದಿಟ್ಟಿದ್ದರು. (ಹತ್ತರಲ್ಲಿ ಆರು ಜನರದು ಒಂದೇ ಪಾಸ್‌ವರ್ಡ್: ನಮ್ಮೂರ ದೇವರ ಹೆಸರು, ಕೊಟ್ರೇಶ. ಅದನ್ನೂ ಬರೆದಿಟ್ಟುಕೊಳ್ಳಬೇಕೇ?)

"ಮೇಡಂ, ನಮ್ಮದೆಲ್ಲಾ ಅಳಿಸಿ ಕುಂತೀರಲ್ರಿ. ಈಗ ಗಂಡು ಹೆಂಗ ನೋಡೋದು?" ಎಂದರು ಮೊಮ್ಮಗಳಿಗಾಗಿ ಕಾನಹೊಸಹಳ್ಳಿಯಿಂದ ಬಸ್ಸು ಹಿಡಿದು ಬಂದಿದ್ದ ಹಿರಿಯರೊಬ್ಬರು.

ಅವರು ಹೇಳಿದ್ದು ನಾನೇ ಕಟ್ಟಿದ ವಧು-ವರರ ವೆಬ್‌ಸೈಟಿನ ಬಗ್ಗೆ. (ಈ ಅಂಕಣದಲ್ಲೇ ಅದರ ಬಗ್ಗೆ ಎರಡು ಸಲ ಕೊಚ್ಚಿಕೊಂಡಿದ್ದೇನೆ, ನಿಮಗೆ ನೆನಪಿರಬಹುದು.) ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯವರೆಲ್ಲ ಅದರಲ್ಲಿದ್ದಾರೆ.

ಸರಿ, ಎಲ್ಲರಿಗೂ ಹೊಸ ಪಾಸ್‌ವರ್ಡ್ ಕೊಟ್ಟೆ. ಮತ್ತೆ ಗೋಡೆ ಕೆಡಬಾರದಲ್ಲ? ಲಾಗಿನ್ ಪುಟದಲ್ಲಿ 'ನನ್ನನ್ನು ನೆನಪಿಡು' ಎಂಬ ಚೌಕವೊಂದನ್ನು ಸೇರಿಸಿದೆ. ಟಿಕ್ ಇದ್ದರೆ ಮೂವತ್ತು ದಿನ ಪಾಸ್‌ವರ್ಡ್ ಕೇಳುವುದಿಲ್ಲ. ಜನರಿಗೆ ತೊಂದರೆ ಬೇಡವೆಂದು ಟಿಕ್ಕನ್ನೂ ನಾನೇ ಮೊದಲೇ ಹಾಕಿಟ್ಟೆ. ಮನೆಯ ಕಂಪ್ಯೂಟರಿನಲ್ಲಿ ಪರೀಕ್ಷೆ ಮಾಡಿದೆ. ಬಹಳ ಚೆನ್ನಾಗಿತ್ತು. ಅದರ ಮುಂದೆ ಕೂರುವವಳು ನಾನೊಬ್ಬಳೇ ತಾನೆ?

ಕಳೆದ ಸೋಮವಾರ ಸೈಕಲ್ ಅಂಗಡಿಯ ಕೊಟ್ರೇಶಣ್ಣ ಬಂದರು, ಹೆಂಡತಿಯ ತಮ್ಮನಿಗೆ ಹೆಣ್ಣು ಹುಡುಕಲು. ವೆಬ್‌ಸೈಟ್ ತೆರೆದರು. ಅದು ಪಾಸ್‌ವರ್ಡ್ ಕೇಳಲಿಲ್ಲ. 'ನಮಸ್ಕಾರ, ಗಿರಿಜಾ' ಎಂದಿತು.

ಗಿರಿಜಾ ಅವರ ತಂಗಿ. ಅಂಗನವಾಡಿ ಟೀಚರ್. ಗಂಡ ತೀರಿಕೊಂಡು ಏಳು ವರ್ಷ, ಅಂದಿನಿಂದ ಅಣ್ಣನ ಮನೆಯಲ್ಲೇ ಇದ್ದಾಳೆ. ಯಾರಿಗೂ ಹೇಳದೆ ನನ್ನಲ್ಲಿ ಹೆಸರು ನೋಂದಾಯಿಸಿದ್ದಳು. ಪಾಸ್‌ವರ್ಡನ್ನು ಗೋಡೆಯ ಮೇಲೆ ಬರೆಯದ ಒಬ್ಬಳೇ ಗಿರಾಕಿ ಎಂದರೆ ಅವಳು. ಅವಳ ಗುಟ್ಟನ್ನೇ ನಾನು ಬೀದಿಗೆ ತಂದಿದ್ದೆ.

ನಾನು ಎದ್ದು ಅವರ ಬಳಿಗೆ ಓಡುವಷ್ಟರಲ್ಲಿ, ಅವಳು ತನ್ನ ಬಗ್ಗೆ ಬರೆದುಕೊಂಡಿದ್ದನ್ನು ಅವರು ಓದುತ್ತಿದ್ದರು. 'ಅಣ್ಣನ ಮನೆಯಲ್ಲಿ ಏನೂ ಕೊರತೆಯಿಲ್ಲ. ಆದರೂ ನನ್ನದೆನ್ನುವ ಒಂದು ಮನೆ ಬೇಕು.'

ಕೊಟ್ರೇಶಣ್ಣ ಪೂರ್ತಿ ಓದಿ ಮೌಸ್ ಬಿಟ್ಟರು. ಆಮೇಲೆ ಮೆಲ್ಲಗೆ, "ಮೇಡಂ, ಇದನ್ನ ಬಂದ್ ಮಾಡ್ರಿ" ಎಂದರು.

"ಗಿರಿಜಾಳ ಹೆಸರು ತೆಗೀಬೇಕಾ?"

"ಹೆಸರು ಯಾಕ ತೆಗೀತೀರಿ? ಕಂಡಕಂಡವರಿಗೆ ಹಿಂಗ ತೆರಕೊಳ್ಳೋದನ್ನ ಬಂದ್ ಮಾಡ್ರಿ. ಆಕಿದು ಇರ್ಲಿ."

ನನಗೆ ಹೋದ ಜೀವ ಬಂದಂತಾಯಿತು. ಅವತ್ತೇ ಆ ಚೌಕ ಕಿತ್ತುಹಾಕಿ, ತಪ್ಪು ಹುಡುಕಲು ಕುಳಿತೆ. ಟಿಕ್ ಹಾಕಿದವರ ನೋಂದಣಿ ನಂಬರನ್ನು ಆ ಕಂಪ್ಯೂಟರಿನಲ್ಲೇ ಬರೆದಿಟ್ಟು ಅದನ್ನೇ ನಂಬಿದ್ದೆ. ಗಿರಿಜಾ ಎದ್ದುಹೋದ ಮೇಲೆ ಯಾರು ಕುಳಿತರೂ ಅವರೇ ಗಿರಿಜಾ. ಆ ನಂಬರ್ ತಿದ್ದಲು ಗೊತ್ತಿದ್ದವನಂತೂ ಯಾರ ಹೆಸರಿನಲ್ಲಾದರೂ ಒಳಗೆ ಬರಬಹುದಿತ್ತು. ಸುಣ್ಣ ಹೊಡೆದ ಗೋಡೆಯ ಮೇಲೆ ನಾನೇ ಮತ್ತೆ ಪೆನ್ಸಿಲ್ ಆಡಿಸಿದ್ದೆ.

ವಾರವಿಡೀ ಕುಳಿತು ಹೊಸದಾಗಿ ಬರೆದೆ. ಈಗ ನಂಬರಿನ ಬದಲು ಯಾರೂ ಊಹಿಸಲಾಗದ ಉದ್ದನೆಯ ಗುರುತೊಂದನ್ನು ಕೊಡುತ್ತೇನೆ. ಅದು ಬಸ್ ಟಿಕೆಟ್ ಇದ್ದ ಹಾಗೆ, ಒಂದೇ ಸಲಕ್ಕೆ. ಒಳಗೆ ಬಂದ ಕೂಡಲೇ ಹಳೆಯದು ರದ್ದು, ಹೊಸದು ಕೈಗೆ. ಸರ್ವರ್‌ನಲ್ಲಿ ಅದನ್ನು ಹಾಗೇ ಇಡದೆ, ಕದ್ದವರಿಗೂ ಉಪಯೋಗಕ್ಕೆ ಬಾರದಂತೆ ತಿರುಚಿ ಇಡುತ್ತೇನೆ. ಲಾಗೌಟ್ ಒತ್ತಿದರೆ ಕಂಪ್ಯೂಟರ್, ಸರ್ವರ್ ಎರಡೂ ಕಡೆ ಅಳಿಸಿಹೋಗುತ್ತದೆ. ಸ್ವಂತದ ವಿವರ ತೆರೆಯಲು ಮತ್ತೆ ಪಾಸ್‌ವರ್ಡ್ ಬೇಕೇ ಬೇಕು. ಚೌಕದಲ್ಲಿ ಟಿಕ್ ಮೊದಲೇ ಇರುವುದಿಲ್ಲ. ನನ್ನ ಸೆಂಟರ್‌ನ ಕಂಪ್ಯೂಟರ್‌ಗಳಲ್ಲಂತೂ ಚೌಕವೇ ಇಲ್ಲ.

ಗಿರಿಜಾಳಿಗೆ ಮಾತ್ರ ಆ ಸೋಮವಾರದ ಮರುದಿನವೇ ಹೇಳಿಬಿಟ್ಟಿದ್ದೆ. ತಪ್ಪು ನನ್ನದು, ಮುಚ್ಚಿಡುವುದು ಹೇಗೆ? ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ.

"ಅಣ್ಣ ಓದಿದನ?"

"ಓದಿದ್ರು."

"ಪೂರ್ತಿ?"

"ಪೂರ್ತಿ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ನಕ್ಕಳು. "ಅದಕ್ಕ ನೋಡ್ರಿ ಅಕ್ಕಾ, ಮುಂಜಾನಿ ಚಾ ಕುಡಿಯೋವಾಗ ನನ್ನ ಕಡಿ ನೋಡ್ದಂಗ, 'ಗಿರಿಜಾ, ನಿನ್ನ ಮನಸ್ಸಿನಾಗ ಏನೈತಿ?' ಅಂತ ಕೇಳಿದ. ಏಳು ವರ್ಷದಾಗ ಒಮ್ಮೀನೂ ಕೇಳಿರಲಿಲ್ಲ."

"ನೀನೇನಂದಿ?"

"ಚಾದಾಗ ಸಕ್ಕರಿ ಕಮ್ಮಿ ಐತಿ ಅಂದೆ. ಸಂಜಿಗೆ ಎಲ್ಲಾ ಹೇಳ್ತೀನಿ."

ಹೇಳಿದಳಂತೆ. ಈಗ ಮಾಗಳದಿಂದ ಬಂದ ಒಂದು ಸಂಬಂಧವನ್ನು ಅಣ್ಣನೇ ವಿಚಾರಿಸುತ್ತಿದ್ದಾರೆ. (ಇದನ್ನು ಬರೆಯಲು ಇಬ್ಬರೂ ಒಪ್ಪಿದ್ದಾರೆ, ಹೆಸರು, ಕಸುಬು, ಸಂಬಂಧ ಬಂದ ಊರು ಬದಲಿಸಿದ್ದೇನೆ. ಹುಡುಕಲು ಹೊರಡಬೇಡಿ. ಕೊಟ್ಟೂರಿನಲ್ಲಿ ಎಷ್ಟು ಜನ ಕೊಟ್ರೇಶರನ್ನು ಕೇಳುತ್ತೀರಿ?)

ನನ್ನ ತಪ್ಪನ್ನು ನಾನು ಒಂದು ವಾರದಲ್ಲಿ ತಿದ್ದಿಕೊಂಡೆ. ಆದರೆ ಒಂದೇ ಒಲೆಯ ಚಹಾ ಕುಡಿಯುವ ಅಣ್ಣ ತಂಗಿಯನ್ನು ಒಂದು ಮಾತು ಕೇಳಲು ನನ್ನ ತಪ್ಪೇ ಬೇಕಾಯಿತೇ?