ಅತ್ತೆಯ ಸಾಕ್ಷಿ

ಸಣ್ಣವಳಿದ್ದಾಗ ಬಂದ ಜ್ವರದಿಂದ ನನ್ನ ಬಲಗೈಗೆ ಬಲವಿಲ್ಲ. ಆದರೂ ತಪಾಸಣಾ ಶಿಬಿರದ ಡಾಕ್ಟರು ಬೆರಳು ಹಿಡಿದು ನೋಡಿ, ಅಂಗವಿಕಲರ ಪಿಂಚಣಿಗೆ ಬೇಕಾದಷ್ಟು ಊನವಿಲ್ಲ ಎಂದು ಬರೆದರು. ನಾನು ಬಿಡಲಿಲ್ಲ, ಮೇಲ್ಮನವಿ ಹಾಕಿದೆ.

ಮರುಪರೀಕ್ಷೆಗೆ ಜಹೀರಾಬಾದಿನ ದವಾಖಾನೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆ. ನನ್ನ ಮದುವೆಯಾದಂದಿನಿಂದ 'ಸೊಸಿ ಕೈಲೆ ಏನೂ ಆಗಂಗಿಲ್ಲ' ಎಂದು ಓಣಿಗೆಲ್ಲ ಸಾರಿದವರು ಅವರು. ಅವರಿಗಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

ವರಾಂಡದಲ್ಲಿ ನನಗೆ ಕೂರಲಾಗಲಿಲ್ಲ. ಎದ್ದು ಬಾಗಿಲಲ್ಲಿ ಇಣುಕುವುದು, ಬಂದು ಕೂರುವುದು, ಮತ್ತೆ ಏಳುವುದು. 'ಒಂದ್ ಕಡಿ ಕುಂದುರು' ಎಂದು ಅತ್ತೆ ಗದರಿದರು.

ಒಳಗೆ ಡಾಕ್ಟರು ಅತ್ತೆಯನ್ನೇ ಕೇಳಿದರು, ಮನೆಗೆಲಸ ಯಾರು ಮಾಡುತ್ತಾರೆಂದು.

ಅತ್ತೆ ಸೆರಗು ಸರಿಮಾಡಿಕೊಂಡರು. 'ಎಲ್ಲಾ ಆಕಿನೇ ಮಾಡ್ತಾಳ್ರಿ. ಎಡಗೈಲೇ ರೊಟ್ಟಿ ಬಡೀತಾಳ. ನೀರ ತರ್ತಾಳ. ನಮ್ಮ ಸೊಸಿ ಅಂದ್ರ ಸುಮ್ನ ಅಲ್ರಿ.'

ನಾನು ಅತ್ತೆಯ ಕಾಲು ತುಳಿದೆ. ಅಷ್ಟರಲ್ಲಿ ಡಾಕ್ಟರು ಬರೆಯತೊಡಗಿದ್ದರು. ಅರ್ಜಿ ಮತ್ತೆ ತಿರಸ್ಕೃತವಾಯಿತು.

ಊರಿಗೆ ಮರಳುವ ಝರಾಸಂಗಂ ಬಸ್ಸಿನಲ್ಲಿ ತಡೆಯಲಾಗದೆ ಕೇಳಿದೆ: 'ಓಣ್ಯಾಗ ಒಂದ್ ದಿನಾನೂ ಇದನ್ನ ಹೇಳ್ಲಿಲ್ಲ ಅತ್ತಿ, ಇವತ್ತೇ ಯಾಕ ಹೇಳಿದ್ರಿ?'

ಅತ್ತೆಗೂ ಸಿಟ್ಟು ಬಂತು. 'ಓಣ್ಯಾಗಿನವ್ರು ನಮ್ಮವ್ರು. ಹೊರಗಿನವ್ರ ಮುಂದ ನಿನ್ನ ಹೆಂಗ ಬಿಟ್ಟುಕೊಡ್ಲಿ?'