ಬೂದಿ ತೊಳೆದ ಕಾಳು

ನನ್ನ ಹಿರಿಯ ಮಗಳು ಹುಟ್ಟಿದ್ದು ಮುಂಬೈಯಲ್ಲಿ, ೧೯೭೧ರ ಮೇ ತಿಂಗಳಲ್ಲಿ. ಚೊಚ್ಚಲ ಹೆರಿಗೆಗೆ ನಾನು ಧಾರವಾಡದ ಹತ್ತಿರದ ನಮ್ಮ ಹಳ್ಳಿಗೆ ಹೋಗಬೇಕಿತ್ತು. ಆದರೆ ಅದೇ ಬೇಸಗೆಯಲ್ಲಿ ಅಣ್ಣನ ಹೆಂಡತಿಗೂ ದಿನ ತುಂಬಿತ್ತು, ಆಕೆಗೆ ತಾಯಿ ಇರಲಿಲ್ಲ. ಒಂದೇ ಸೂರಿನ ಕೆಳಗೆ ಎರಡು ಬಾಣಂತನ ಮಾಡಬಾರದೆಂಬುದು ನಮ್ಮ ಮನೆಯ ರೂಢಿ. ಅವ್ವ ಸೊಸೆಯನ್ನು ಇಟ್ಟುಕೊಂಡಳು. ಅದೇ ಸರಿ ಎಂದು ಇಂದು ನನಗೆ ಅನ್ನಿಸುತ್ತದೆ. ಆಗಲೂ ಹಾಗೇ ಅನ್ನಿಸಿತ್ತು ಎಂದು ಬರೆಯಲು ಮಾತ್ರ ಧೈರ್ಯ ಸಾಲದು.

ತಾನು ಬರಲಾರದ್ದಕ್ಕೆ ಅವ್ವ ಕಾಳು ಕಳಿಸಿದಳು. ಅಣ್ಣ ಮೂರು ಚೀಲ ಹೊತ್ತು ದಾದರಿನಲ್ಲಿ ಇಳಿದು, ಅಲ್ಲಿಂದ ಲೋಕಲ್ ಹಿಡಿದು ಗೋರೆಗಾಂವ್‌ನ ನಮ್ಮ ಚಾಳಿಗೆ, ಸಾಲು ಕೋಣೆಗಳ ವಠಾರಕ್ಕೆ, ಬಂದ. ಒಂದರಲ್ಲಿ ಹೆಸರುಕಾಳು, ಒಂದರಲ್ಲಿ ಮಡಿಕೆಕಾಳು, ಒಂದರಲ್ಲಿ ಅಲಸಂದಿ. ಬಾಣಂತಿಗೂ ಮನೆಗೂ ವರ್ಷಪೂರ್ತಿ ಸಾಕಾಗುವಷ್ಟು. ಸಗಣಿಯ ಕುಳ್ಳು ಸುಟ್ಟ ಬೂದಿಯನ್ನು ಅರಿವೆಯಲ್ಲಿ ಸೋಸಿ, ನೆರಳಿನಲ್ಲಿ ಒಣಗಿಸಿದ ಬೇವಿನೆಲೆಯ ಜೊತೆ ಕಾಳಿಗೆ ಬೆರೆಸಿದ್ದಳು. ಚೀಲ ಬಿಚ್ಚಿದರೆ ಮೊದಲು ಕಾಣುತ್ತಿದ್ದುದು ಬೂದಿಯೇ. ಕೈ ಒಳಗೆ ಹಾಕಿದ ಮೇಲೆ ಕಾಳು ತಾಗುತ್ತಿತ್ತು. ಅಣ್ಣ ಮೂರನ್ನೂ ಮಂಚದ ಕೆಳಗೆ ತಳ್ಳಿ, ಮರುದಿನವೇ ಊರಿಗೆ ಹೊರಟ. ಮತ್ತೆ ಮೂರು ದಿನಕ್ಕೆ ನನಗೆ ಬೇನೆ ಬಂದು ಆಸ್ಪತ್ರೆ ಸೇರಿದೆ.

ಪಕ್ಕದ ಖೋಲಿಯವರನ್ನು ಚಾಳಿನ ಮಂದಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಗಿರಗಾಂವ್‌ನ ಚಾಳಿನಲ್ಲಿ ಹುಟ್ಟಿ, ಮದುವೆಯಾಗಿ ಗೋರೆಗಾಂವ್‌ನ ಚಾಳಿಗೆ ಬಂದ ಮರಾಠಿ ಹೆಂಗಸು. ಮಕ್ಕಳು ದೊಡ್ಡವರಾಗಿದ್ದರು. ನಾನು ಅಂಧೇರಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಹೆರಿಗೆಗೆ ಮೂರು ತಿಂಗಳ ರಜೆ ಸಿಕ್ಕಿತ್ತು. ಅದು ಮುಗಿದ ಮೇಲೆ ಕೂಸನ್ನು ಯಾರ ಕೈಯಲ್ಲಿ ಬಿಡುವುದು ಎಂಬ ಪ್ರಶ್ನೆಗೆ ನಮ್ಮಲ್ಲಿದ್ದ ಉತ್ತರ ಒಂದೇ. ನನಗೆ ಏಳು ತಿಂಗಳಾಗಿದ್ದಾಗಲೇ ಕಾಕು ಹೇಳಿದ್ದರು: "ನೀ ಕೆಲಸಕ್ಕ ಹೋಗ ಪೋರಿ, ಕೂಸು ನನ್ನ ಕಡೆ ಇರ್ಲಿ." ಆ ಬಾಗಿಲು ಮುಚ್ಚಿದರೆ ನಾನು ಕೆಲಸ ಬಿಡಬೇಕಾಗುತ್ತಿತ್ತು. ಬಿ.ಎ. ಮಾಡಿ, ಎಷ್ಟೋ ಬಾಗಿಲು ತಟ್ಟಿ ಪಡೆದ ಕೆಲಸ ಅದು.

ಒಂದು ಮಾತು ಹೇಳಿಬಿಡಬೇಕು. ಕಾಕು ಆಡುತ್ತಿದ್ದುದು ಮರಾಠಿ. ನನ್ನ ನೆನಪಿನಲ್ಲಿ ಅವರು ಧಾರವಾಡದ ಕನ್ನಡ ಮಾತಾಡುತ್ತಾರೆ, ಅಲ್ಲೊಂದು ಇಲ್ಲೊಂದು ಮರಾಠಿ ಶಬ್ದ ಉಳಿದಿದೆ. ಆದ್ದರಿಂದ ಕೆಳಗಿನ ಮಾತುಗಳು ಅವರವೇ, ಆದರೆ ಅಕ್ಷರಶಃ ಅವರವಲ್ಲ.

ಎಂಟು ದಿನ ಕಳೆದು ಆಸ್ಪತ್ರೆಯಿಂದ ಮನೆಗೆ ಬಂದಾಗ ನೆಲ ಒರೆಸಿತ್ತು, ಹಾಸಿಗೆಗೆ ಒಗೆದ ಚಾದರ. ಗೋಡೆಗೆ ಸಾಲಾಗಿ ವನಸ್ಪತಿ ತುಪ್ಪದ ದೊಡ್ಡ ಡಬ್ಬಿಗಳು. ಕಾಕು ಒಂದರ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಹೆಸರುಕಾಳು ಹಸಿರಾಗಿ ಹೊಳೆಯುತ್ತಿತ್ತು, ಬೂದಿಯ ಸುಳಿವೇ ಇಲ್ಲ.

"ನಿಮಗ ಯಾವನೋ ವಾಣಿ ಮೋಸ ಮಾಡ್ಯಾನ," ಎಂದರು. ವಾಣಿ ಎಂದರೆ ದಿನಸಿ ಅಂಗಡಿಯವನು. "ತೂಕಕ್ಕ ಬೂದಿ ಕಲಸಿ ಮಾರ್ಯಾನ. ಅಗ, ನಾ ಭಾಂಡಿ ಪಾತ್ರಿ ತಿಕ್ಕೋ ಬೂದಿ, ಬಾಣಂತಿ ಊಟದಾಗ! ಎರಡು ಚೀಲ ಸಾಣಿಗಿ ಹಿಡಿದೆ, ಮೂರು ನೀರಿನಾಗ ತೊಳದೆ, ಗ್ಯಾಲರ‍್ಯಾಗ ಎರಡು ದಿನ ಒಣಗಿಸಿದೆ. ಮೂರನೇದಕ್ಕ ಕೈ ಸೋತು."

ಅಷ್ಟು ಕಾಳು ತೊಳೆಯಲು ಎಷ್ಟು ನೀರು ಬೇಕು ಎಂಬುದು ಚಾಳಿನಲ್ಲಿದ್ದವರಿಗೆ ಗೊತ್ತು. ನಲ್ಲಿ ಬರುತ್ತಿದ್ದುದು ಬೆಳಿಗ್ಗೆ ಒಂದು ಹೊತ್ತು, ಸಾಲಿನಲ್ಲಿ ನಿಂತು ಹಿಡಿಯಬೇಕು. ತಮ್ಮ ಪಾಲಿನ ನೀರನ್ನು ಅವರು ನಮ್ಮ ಕಾಳಿಗೆ ಸುರಿದಿದ್ದರು.

"ಛಲೋ ಆತು ಕಾಕು," ಎಂದೆ. "ಮೂರನೇದು ಇರ್ಲಿ, ನಾನ ಮಾಡ್ಕೋತೀನಿ."

ಕಾಕು ಹೋದ ಮೇಲೆ, ಚೀಲ ಬಿಚ್ಚಲು ಯಾರು ಹೇಳಿದರೆಂದು ಗಂಡನನ್ನು ಕೇಳಿದೆ. "ಅವರು ಬಂದು ಏನೋ ಕೇಳಿದ್ರು, ನಾ ಪೇಪರ್ ಓದ್ಲಿಕತ್ತಿದ್ದೆ, ಹೂಂ ಅಂದೆ," ಎಂದರು.

"ಯಾವುದಕ್ಕ ಹೂಂ ಅಂದ್ರಿ?"

"ಅದ ಗೊತ್ತಿಲ್ಲ ನೋಡು."

ಆ ದಿನ ನನಗೆ ಏನು ತಿಳಿದಿತ್ತು? ಬೂದಿ ಹೋದರೆ ಹುಳ ಬೀಳುತ್ತದೆ ಎಂಬುದು ಗೊತ್ತಿದ್ದೂ ಸುಮ್ಮನಿದ್ದೆನೇ, ಅಥವಾ ಬಾಣಂತಿಯ ಮಂಪರಿನಲ್ಲಿ ಅದು ಹೊಳೆಯಲೇ ಇಲ್ಲವೇ? ತೊಳೆಯದ ಅಲಸಂದಿಯ ಚೀಲವನ್ನು ಹಾಗೇ ಉಳಿಸಿಕೊಂಡದ್ದು ಗೊತ್ತಿದ್ದೇ ಎಂದು ಹೇಳಿಕೊಳ್ಳಲು ಇಷ್ಟವಾಗುತ್ತದೆ. ಆ ವಾರದ ದಿನಚರಿಯಲ್ಲಿ ಇರುವುದು ಕೂಸಿನ ತೂಕ, ಹಾಲು, ನನ್ನ ಸೊಂಟನೋವು. ಕಾಳಿನ ವಿಷಯ ಒಂದು ಸಾಲೂ ಇಲ್ಲ. ಅವ್ವನಿಗೆ ಕಾಗದ ಹಾಕಿ ಕೇಳಬಹುದಿತ್ತು, ಕೇಳಲಿಲ್ಲ.

ಮುಂದಿನ ಎರಡು ತಿಂಗಳು ನನ್ನ ಬಾಣಂತನ ನಡೆಸಿದವರು ಕಾಕು. ಬೆಳಿಗ್ಗೆ ಬಂಬದಲ್ಲಿ ನೀರು ಕಾಯಿಸಿ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದರು, ಶೇಗಡಿಯ ಕೆಂಡಕ್ಕೆ ಓಮ ಹಾಕಿ ಹೊಗೆ ಕೊಡುತ್ತಿದ್ದರು. ನನಗೆ ಅಳವಿ ಬೀಜದ ಉಂಡೆ ತಂದು, ಎದುರು ಕೂತು ತಿನ್ನಿಸುತ್ತಿದ್ದರು. ಅವರ ಕೈ ಬಿಸಿ ನನ್ನ ಬೆನ್ನಿಗೆ ಇನ್ನೂ ನೆನಪಿದೆ. ಈ ಒಂದು ನೆನಪನ್ನು ನಾನು ಅನುಮಾನಿಸುವುದಿಲ್ಲ.

ಜುಲೈನಲ್ಲಿ ಒಂದು ದಿನ ಹೆಸರಿನ ಡಬ್ಬಿ ತೆಗೆದಾಗ ಮುಚ್ಚಳದ ಒಳಗೆ ಸಣ್ಣ ಕಂದು ಹುಳಗಳು ಓಡಾಡುತ್ತಿದ್ದವು. ಕಾಳು ಬೊಗಸೆಯಲ್ಲಿ ಎತ್ತಿದರೆ ಹಗುರ. ಒಂದೊಂದರಲ್ಲೂ ಸೂಜಿಯಿಂದ ಚುಚ್ಚಿದಂಥ ದುಂಡು ತೂತು, ತಳದಲ್ಲಿ ಹಿಟ್ಟು. ಮಡಿಕೆಯೂ ಹಾಗೇ. ಹೊರಗೆ ಮೂರು ವಾರದಿಂದ ಬಿಸಿಲಿಲ್ಲ. ಕೂಸಿನ ಬಟ್ಟೆಯೇ ಒಣಗುತ್ತಿರಲಿಲ್ಲ, ಕಾಳು ಎಲ್ಲಿ ಒಣಗಿಸಲಿ? ಕಾಕು ಮಧ್ಯಾಹ್ನ ಮಲಗಿದಾಗ ಬಾಗಿಲು ಹಾಕಿಕೊಂಡು ಮೊರದಲ್ಲಿ ಕೇರುತ್ತಿದ್ದೆ. ನಾಲ್ಕು ದಿನಕ್ಕೆ ಮತ್ತೆ ಅಷ್ಟೇ ಹುಳ. ಹೇಳಿದರೆ ಅವರ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಂಡು ಬಾಯಿ ಮುಚ್ಚುತ್ತಿದ್ದೆ. ಆ ಮುಖದ ಮೇಲಿನ ಪ್ರೀತಿಯೇ ಬಾಯಿ ಮುಚ್ಚಿಸುತ್ತಿತ್ತೋ, ಆಗಸ್ಟಿನಲ್ಲಿ ಕೂಸನ್ನು ನೋಡುವವರು ಬೇಕೆಂಬ ಲೆಕ್ಕಾಚಾರವೋ! ಎರಡೂ ಇದ್ದವು. ಯಾವುದು ಎಷ್ಟು ಎಂದು ಹೇಳಲಾರೆ.

ನನ್ನ ರಜೆ ಮುಗಿಯಲು ಒಂದು ವಾರವಿರುವಾಗ, ಶ್ರಾವಣದಲ್ಲಿ, ಅವ್ವ ಬಂದಳು. ಸೊಸೆಯ ಬಾಣಂತನ ಮುಗಿಸಿ ಮೊದಲ ಸಲ ಮುಂಬೈಗೆ ಬಂದಿದ್ದಳು. ಕೂಸನ್ನು ಎತ್ತಿ, ಕೆನ್ನೆ ಸವರಿ, ನೆಟಿಗೆ ಮುರಿದು, ಚಹಾ ಕುಡಿದ ಮೇಲೆ ನೇರ ಡಬ್ಬಿಗಳ ಕಡೆ ಹೋದಳು.

"ಕಾಳು ಹೆಂಗ ಅದಾವ?"

ಕಾಕು ಅಲ್ಲೇ ಇದ್ದರು, ಕೂಸಿಗೆ ಎಣ್ಣೆ ಹಚ್ಚುತ್ತ. ನಾನು ಏನಾದರೂ ಹೇಳುವ ಮೊದಲೇ ಅವ್ವ ಮುಚ್ಚಳ ತೆಗೆದು ಒಳಗೆ ಕೈ ಹಾಕಿದ್ದಳು. ಕೈ ಹೊರಗೆ ತೆಗೆದಾಗ ಮೊಣಕೈ ತನಕ ಹುಳ ಹತ್ತುತ್ತಿದ್ದವು.

"ಯವ್ವಾ! ಬೂದಿ ಎಲ್ಲಿ ಹೋತು? ಯಾರು ತೊಳದಾರ ಇದನ್ನ?"

"ನಾನ ತೊಳದೆ," ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನಾ? ಹುಟ್ಟಿದಾಗಿಂದ ನನ್ನ ಕೂಡ ಕೂತು ಬೂದಿ ಕಲಸಿದಾಕಿ? ಕಾಲೇಜಿನಾಗ ಇದನ್ನ ಕಲಿಸಿದ್ರನು, ಹುಳಕ್ಕ ಹಾಸಿಗಿ ಹಾಸೂದು? ನೋಡಿಲ್ಲಿ, ಈಗ ನಿಮ್ಮ ಲೋಕಲ್ ಗಾಡ್ಯಾಗ ಬಂದೆ. ಮಂದಿ ಹೆಂಗ ನಿಂತಿದ್ರು? ಕಾಲ ತುರಿಸಿದ್ರ ಕೈ ಇಳಸಾಕ ಜಾಗಾ ಇರಲಿಲ್ಲ. ಕಾಳಿನ ನಡುವ ಬೂದಿ ಹಂಗ ನಿಂದರಬೇಕು. ಹುಳಕ್ಕ ಹೆಜ್ಜಿ ಇಡಾಕ ಜಾಗಾ ಇರಬಾರದು. ನೀ ಮಂದೀನ್ನೆಲ್ಲ ಇಳಿಸಿ ಖಾಲಿ ಡಬ್ಬಿ ಬಿಟ್ಟಿ, ಹುಳ ಕಾಲು ಚಾಚಿ ಕೂತಾವ!"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವ್ವ ಅಷ್ಟಕ್ಕೇ ಬಿಡಲಿಲ್ಲ. ಮಂಚದ ಕೆಳಗಿನ ಅಲಸಂದಿಯ ಚೀಲ ಎಳೆದಳು. ಗಂಟು ಬಿಚ್ಚಿ, ಬೂದಿಯೊಳಗೆ ತೋಳು ಇಳಿಸಿ ಒಂದು ಹಿಡಿ ತೆಗೆದು, ಬಾಯಿಂದ ಊದಿದಳು. ಬಂದ ದಿನ ಹೇಗಿತ್ತೋ ಹಾಗೇ, ಒಂದು ತೂತಿಲ್ಲದ ಕಾಳು.

ಕಾಕುಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಒಂದು ಕೈಯಲ್ಲಿ ಹುಳ, ಇನ್ನೊಂದು ಕೈಯಲ್ಲಿ ಬೂದಿ ಹಿಡಿದು ಕೂತ ಹೆಂಗಸಿನ ಮಾತು ತಿಳಿಯಲು ಕನ್ನಡ ಬೇಕಾಗಿರಲಿಲ್ಲ. ಅವರು ಎಣ್ಣೆಯ ಕೈ ಸೀರೆಗೆ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದರು.

"ಆಯಿ, ಮೀ ಧುತಲಂ."

ಇದೊಂದು ಮಾತು ಮರಾಠಿಯಲ್ಲೇ ನೆನಪಿದೆ. ಅವ್ವಾ, ನಾನು ತೊಳೆದೆ ಎಂದರ್ಥ.

"ಏನಂತಾರ ಅವರು?" ಅವ್ವ ನನ್ನನ್ನು ಕೇಳಿದಳು.

ಎರಡೂ ಭಾಷೆ ಬರುತ್ತಿದ್ದವಳು ಅಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. "ನಿನ್ನ ಮಗಳಿಗೆ ಬೈಬ್ಯಾಡ ಅಂತಾರ," ಎಂದೆ.

"ಸುಳ್ಳ ಹೇಳಬ್ಯಾಡ. ಮಿರಜ ಕಡೆ ಬಳೆಗಾರತಿ ಇಪ್ಪತ್ತು ವರ್ಷಾತು ನಮ್ಮ ಮನಿಗೆ ಬರಾಕತ್ತಿ. ಅಷ್ಟು ಮರಾಠಿ ನನಗೂ ತಿಳೀತೈತಿ."

ನಾನು ತಲೆ ತಗ್ಗಿಸಿದೆ. ಅವ್ವನ ನಾಲಿಗೆ ನನಗೆ ಗೊತ್ತು. ಅದು ಇನ್ನು ಕಾಕು ಕಡೆ ತಿರುಗುತ್ತದೆ, ಆ ಬಾಗಿಲು ಮುಚ್ಚುತ್ತದೆ, ಸೋಮವಾರ ನಾನು ಕಚೇರಿಗೆ ಹೋಗಿ ರಾಜೀನಾಮೆ ಕೊಡಬೇಕು ಎಂದು ಎಣಿಸುತ್ತ ಕೂತಿದ್ದೆ.

ಅವ್ವ ಕಾಕುವಿನ ಮಡಿಲಲ್ಲಿದ್ದ ಕೂಸಿನ ತೊಡೆ ಹಿಡಿದು ನೋಡಿದಳು. ಮೂರು ತಿಂಗಳಿಗೆ ತೊಡೆಯಲ್ಲಿ ಎರಡು ನೆರಿಗೆ ಬಿದ್ದಿದ್ದವು. ಮುಂಗೈ ತಿರುಗಿಸಿ ನೋಡಿದಳು, ನೆತ್ತಿ ಮುಟ್ಟಿ ನೋಡಿದಳು.

"ನಾ ಕಾಳು ಅಷ್ಟ ಕಳಿಸಿದ್ದೆ," ಎಂದಳು. "ಕೂಸಿನ ಜ್ವಾಪಾನ ಮಾಡಿದವರು ನೀವು. ಹೋದ ಕಾಳು ಹೋಗ್ಲಿ ತಗೋರಿ."

ಇದನ್ನು ನಾನು ಮರಾಠಿಗೆ ತಿರುಗಿಸಿ ಹೇಳಿದೆ, ಒಂದಕ್ಷರ ಬಿಡದೆ. ಕಾಕು ಎಣ್ಣೆಯ ಬಟ್ಟಲು ಎಳೆದುಕೊಂಡು ಕೂಸಿನ ಕಾಲಿಗೆ ಮತ್ತೆ ಹಚ್ಚತೊಡಗಿದರು.

ಎಲ್ಲ ಕಾಳು ಹೋಗಲೂ ಇಲ್ಲ. ಅವ್ವ ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ ಹೆಸರನ್ನು ಅದಕ್ಕೆ ಸುರಿದಳು. ಟೊಳ್ಳಾದ ಕಾಳು ಹುಳದ ಸಮೇತ ತೇಲಿತು, ಗಟ್ಟಿ ಇದ್ದದ್ದು ತಳಕ್ಕೆ ಹೋಯಿತು.

"ಈಗ ಆಯಿನ ತೊಳ್ಯಾಕತ್ತಾರ!" ಎಂದು ಕಾಕು ನಕ್ಕರು. ಅವ್ವನೂ ನಕ್ಕಳು.

ತಳದಲ್ಲಿ ಉಳಿದದ್ದು ಅರ್ಧಕ್ಕೂ ಕಡಿಮೆ. ಅದನ್ನು ಅರಿವೆಯ ಮೇಲೆ ಹರವಿ, ಕಾಕುವಿನ ಕಬ್ಬಿಣದ ಬಾಣಲೆಯಲ್ಲಿ ಘಮ್ಮೆನ್ನುವ ತನಕ ಹುರಿದರು. ಮಳೆಗಾಲದಲ್ಲಿ ಬಿಸಿಲಿನ ಕೆಲಸವನ್ನು ಬಾಣಲೆ ಮಾಡಬೇಕು ಎಂದು ಆ ದಿನ ಕಲಿತೆ, ಇಂದಿಗೂ ಹಾಗೇ ಮಾಡುತ್ತೇನೆ. ಹುರಿದ ಹೆಸರಿಗೆ ಕಡಲೆಬೇಳೆ, ಉದ್ದಿನಬೇಳೆ, ಗೋಧಿ, ಮೆಂತ್ಯ, ಜೀರಿಗೆ ಸೇರಿಸಿ ಮೆಂತ್ಯದ ಹಿಟ್ಟು ಮಾಡೋಣ ಎಂದು ಅವ್ವ ಒಂದೊಂದೇ ಸಾಮಾನು ತೆಗೆದಿಟ್ಟಳು. ಕಾಕು ಅದನ್ನು ನೋಡಿ, "ಇದು ನಮ್ಮ ಮೇತ್ಕೂಟ್ ಅಲ್ಲನು?" ಎಂದು ತಮ್ಮ ಮನೆಯಿಂದ ಒಂದು ಹಿಡಿ ಅಕ್ಕಿ ತಂದರು.

"ಅಕ್ಕಿ ಯಾಕ? ಗೋಡಿಗೆ ಕಾಗದ ಅಂಟಸೂದೈತನು?" ಎಂದಳು ಅವ್ವ.

"ಅಕ್ಕಿ ಇಲ್ಲದ ಮೇತ್ಕೂಟ್ ಗಂಟಲಾಗ ನಿಂದರತೈತಿ," ಎಂದರು ಕಾಕು.

ಇಬ್ಬರ ಜಗಳವನ್ನೂ ನಾನೇ ಅನುವಾದಿಸಬೇಕಾಯಿತು. ಅಕ್ಕಿ ಬಿತ್ತೋ ಇಲ್ಲವೋ ಈಗ ನೆನಪಿಲ್ಲ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಅದನ್ನು ಕಲಸಿಕೊಂಡು ಮೂವರೂ ಉಂಡದ್ದು ನೆನಪಿದೆ.

ಸಂಜೆ ಕಾಕು ತಮ್ಮ ಖೋಲಿಗೆ ಹೋದ ಮೇಲೆ ಅವ್ವ ಕೇಳಿದಳು. "ನನಗ ಯಾಕ ಸುಳ್ಳ ಹೇಳಿದಿ?"

"ಆಕಿ ಕೂಸು ನೋಡಬೇಕಲ್ಲವ್ವ."

"ಅಷ್ಟಕ್ಕನ?"

ಇಲ್ಲ ಎಂದೆನೋ, ಹೌದು ಎಂದೆನೋ, ನೆನಪಿಲ್ಲ. ಅವ್ವ ಮತ್ತೆ ಕೇಳಲಿಲ್ಲ. ವಾರ ಮುಗಿಯುವ ತನಕ ಅವಳು ಕಾಕುವಿನ ಬಂಬದ ಬೂದಿ ಸೋಸಿ, ನುಚ್ಚಿನಿಂದ ಹಿಡಿದು ಕಡಲೆಯ ತನಕ ಯಾವುದನ್ನು ಬೂದಿಯಲ್ಲಿಡಬೇಕು, ಯಾವುದನ್ನು ಇಡಬಾರದು ಎಂದು ಅವರಿಗೆ ಕೈಸನ್ನೆಯಲ್ಲೇ ಪಾಠ ಮಾಡಿದಳು. ಭಾನುವಾರ ಊರಿಗೆ ಹೊರಟಳು.

ಸೋಮವಾರ ಬೆಳಿಗ್ಗೆ ನಾನು ಕೂಸನ್ನು ಎತ್ತಿಕೊಂಡು ಪಕ್ಕದ ಬಾಗಿಲಿಗೆ ಹೋದೆ. ಕಾಕು ಕೂಸನ್ನು ತೆಗೆದುಕೊಂಡರು, ನನ್ನನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿದರು.

"ಹುಳ ಬಿದ್ದದ್ದು ನಿನಗ ಮೊದಲ ಗೊತ್ತಿತ್ತು," ಎಂದರು. "ಮಧ್ಯಾಹ್ನ ಬಾಗಿಲು ಹಾಕ್ಕೊಂಡು ಕೇರತಿದ್ದಿ, ಮೊರದ ಸಪ್ಪಳ ಗ್ವಾಡಿ ದಾಟಿ ಬರತಿತ್ತು. ಏನು ಮಾಡತಿ ಅಂತ ತಿಳೀತಿದ್ದಿಲ್ಲ. ನೀ ಹೇಳಿದ್ರ ನಾನೂ ಕೂತು ಕೇರತಿದ್ದೆ. ನಾ ತಪ್ಪು ಮಾಡಿದ್ರ ನನ್ನ ಮಾರಿ ಮ್ಯಾಲೆ ಹೇಳಬೇಕು ಪೋರಿ. ನಾನೂ ಹೇಳಾಕಿ. ನೋಡು ಬೇಕಾದ್ರ."

ರೈಲಿನಲ್ಲಿ ಅಂಧೇರಿಯ ತನಕ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ. ಸಂಜೆ ಓಡುತ್ತ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದೆ: "ಕೂಸು ಹೆಂಗಿತ್ತು ಕಾಕು?"

ಬೇರೆಯವರಾಗಿದ್ದರೆ ಹೊಸದಾಗಿ ಕೆಲಸಕ್ಕೆ ಹೋದ ತಾಯಿಗೆ ಸಮಾಧಾನವಾಗಲೆಂದು, ಆರಾಮ ಇತ್ತು, ಆಡಿತು ಎನ್ನುತ್ತಿದ್ದರು. ಕಾಕು ಕೂಸನ್ನು ನನ್ನ ಕೈಗೆ ಕೊಟ್ಟು ಹೇಳಿದರು:

"ಭಾಳ ಅತ್ತಳು. ಎರಡು ತಾಸು ಬಾಯಿ ಮುಚ್ಚಲಿಲ್ಲ. ಬಾಟಲಿ ಹಾಲು ಉಗುಳಿದಳು. ನಾಳೆ ಇಷ್ಟು ಅಳೂದಿಲ್ಲ."

ನನಗೆ ಅಳು ಬಂತು, ಜೊತೆಗೆ ಎದೆಯ ಭಾರವೂ ಇಳಿಯಿತು. ಇವರು ಹೇಳಿದ್ದನ್ನು ಇನ್ನು ಪೂರ್ತಿ ನಂಬಬಹುದು. ಮರುದಿನ ನನ್ನ ಮಗಳು ಒಂದೂವರೆ ತಾಸು ಅತ್ತಳು. ಅದನ್ನೂ ಅವರು ಹೇಳಿದರು.